ವಿಟಮಿನ್ ಡಿ ಕೊರತೆ ನೀಗಿದರೆ ಅಸ್ತಮಾ ಇರುವ ವಯಸ್ಕರ ಶ್ವಾಸಕೋಶದ ಸಾಮರ್ಥ್ಯ ಹೆಚ್ಚುತ್ತದೆಯೇ?

ಪ್ರಶ್ನೆ: ಮುಂಜಾವು

ಎಲ್ಲರಿಗೂ ನಮಸ್ಕಾರ. ನನಗೆ ನಲವತ್ತೆರಡು ವರ್ಷ. ಚಿಕ್ಕಂದಿನಲ್ಲಿ ಕಾಡಿ, ನಡುವೆ ಬಹುಕಾಲ ಸುಮ್ಮನಿದ್ದ ಅಸ್ತಮಾ ಕೆಲವು ವರ್ಷಗಳಿಂದ ಮತ್ತೆ ತಲೆಯೆತ್ತಿದೆ. ಸ್ಟೀರಾಯ್ಡ್ ಮತ್ತು ಶ್ವಾಸನಾಳವನ್ನು ದೀರ್ಘಕಾಲ ಹಿಗ್ಗಿಸಿಡುವ ಔಷಧ ಎರಡೂ ಸೇರಿರುವ ಇನ್‌ಹೇಲರನ್ನು ದಿನಕ್ಕೆ ಎರಡು ಬಾರಿ ತೆಗೆದುಕೊಳ್ಳುತ್ತೇನೆ. ಆದರೂ ಮಹಡಿ ಹತ್ತುವಾಗ ಏದುಸಿರು ಬರುತ್ತದೆ, ನಸುಕಿನಲ್ಲಿ ಕೆಮ್ಮು ಎಬ್ಬಿಸುತ್ತದೆ.

ಇತ್ತೀಚೆಗೆ ಮಾಡಿಸಿದ ಸ್ಪೈರೋಮೆಟ್ರಿಯಲ್ಲಿ ನನ್ನ ಎಫ್‌ಇವಿ1, ಅಂದರೆ ಪೂರ್ಣ ಉಸಿರೆಳೆದು ಜೋರಾಗಿ ಊದಿದಾಗ ಮೊದಲ ಒಂದು ಸೆಕೆಂಡಿನಲ್ಲಿ ಹೊರಬರುವ ಗಾಳಿಯ ಪ್ರಮಾಣ, ನಿರೀಕ್ಷಿತ ಮಟ್ಟದ ಶೇಕಡಾ 71ರಷ್ಟು ಬಂದಿದೆ. ಅದೇ ವಾರದ ರಕ್ತಪರೀಕ್ಷೆಯಲ್ಲಿ ವಿಟಮಿನ್ ಡಿ ಪ್ರತಿ ಮಿಲಿಲೀಟರಿಗೆ 13 ನ್ಯಾನೋಗ್ರಾಂ ಇದೆ ಎಂದು ತಿಳಿಯಿತು. ವೈದ್ಯರು ಕೊರತೆಗೆ ಮಾತ್ರೆ ಬರೆದುಕೊಟ್ಟಿದ್ದಾರೆ. ಅದರ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಪರಿಚಿತರೊಬ್ಬರು, ವಿಟಮಿನ್ ಡಿ ಸರಿಹೋದರೆ ಶ್ವಾಸಕೋಶದ ಬಲ ತಾನಾಗಿಯೇ ಏರುತ್ತದೆ, ಇನ್‌ಹೇಲರಿನ ಪ್ರಮಾಣವನ್ನೂ ತಗ್ಗಿಸಬಹುದು ಎಂದು ಬಹಳ ನಂಬಿಕೆಯಿಂದ ಹೇಳುತ್ತಿದ್ದಾರೆ. ಅಸ್ತಮಾ ಇರುವವರಲ್ಲಿ ವಿಟಮಿನ್ ಡಿ ಕಡಿಮೆ ಇರುತ್ತದೆ, ಕಡಿಮೆ ಇದ್ದಷ್ಟೂ ಎಫ್‌ಇವಿ1 ಕೂಡ ಕಡಿಮೆ ಎಂದು ನಾನೂ ಒಂದೆರಡು ಕಡೆ ಓದಿದ್ದೇನೆ.

ಹಾಗಾದರೆ ಮಾತ್ರೆ ಮುಗಿಯುವ ಹೊತ್ತಿಗೆ ಈ 71 ಎಂಬ ಸಂಖ್ಯೆ ಮೇಲೇರುತ್ತದೆಂದು ನಿರೀಕ್ಷಿಸಬಹುದೇ? ವಯಸ್ಕರ ಮೇಲೆ ನಡೆದ ಪ್ರಯೋಗಗಳು ಏನು ಹೇಳುತ್ತವೆ? ತಿಳಿದವರು ಬಿಡಿಸಿ ಹೇಳಿದರೆ ಉಪಕಾರವಾಗುತ್ತದೆ.

ಉತ್ತರ: ಶ್ವಾಸವೈದ್ಯ

ಮುಂಜಾವು ಅವರೇ, ಮೊದಲಿಗೆ ನೇರವಾದ ಉತ್ತರವನ್ನೇ ಕೊಡುತ್ತೇನೆ. ಕೊರತೆಗೆಂದು ಕೊಟ್ಟಿರುವ ಮಾತ್ರೆಗಳನ್ನು ತಪ್ಪದೆ ತೆಗೆದುಕೊಳ್ಳಿ. ಆದರೆ ಅವುಗಳಿಂದ ಎಫ್‌ಇವಿ1 ಏರುತ್ತದೆಂದು ಕಾಯಬೇಡಿ, ಇನ್‌ಹೇಲರಿನ ಪ್ರಮಾಣವನ್ನು ನೀವಾಗಿಯೇ ಇಳಿಸಲೂಬೇಡಿ.

ನೀವು ಓದಿದ್ದರಲ್ಲಿ ಸುಳ್ಳಿಲ್ಲ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಮೀಕ್ಷೆಯೊಂದರಲ್ಲಿ ಪಾಲ್ಗೊಂಡ 14,091 ವಯಸ್ಕರ ಮಾಹಿತಿಯನ್ನು ಆಧರಿಸಿ 2005ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, ವಿಟಮಿನ್ ಡಿ ಅತಿ ಹೆಚ್ಚಿದ್ದ ಐದನೇ ಒಂದು ಭಾಗದವರಿಗೂ ಅತಿ ಕಡಿಮೆ ಇದ್ದ ಐದನೇ ಒಂದು ಭಾಗದವರಿಗೂ ಎಫ್‌ಇವಿ1ನಲ್ಲಿ ಸರಾಸರಿ 126 ಮಿಲಿಲೀಟರ್ ವ್ಯತ್ಯಾಸ ಕಂಡುಬಂದಿತ್ತು. ಧೂಮಪಾನ ಮಾಡದ ಆರೋಗ್ಯವಂತ ವಯಸ್ಕರಲ್ಲೂ ವಯಸ್ಸಿನೊಂದಿಗೆ ಎಫ್‌ಇವಿ1 ವರ್ಷಕ್ಕೆ ಸುಮಾರು 25ರಿಂದ 30 ಮಿಲಿಲೀಟರ್ ಇಳಿಯುತ್ತದೆ ಎಂಬುದನ್ನು ನೆನೆದರೆ ಇದು ಸಣ್ಣ ಅಂತರವಲ್ಲ. 2010ರಲ್ಲಿ ಅಸ್ತಮಾ ಇರುವ ವಯಸ್ಕರ ಚಿಕ್ಕ ಗುಂಪೊಂದರ ಅಧ್ಯಯನವೂ ಇದೇ ದಿಕ್ಕಿನಲ್ಲಿತ್ತು: ವಿಟಮಿನ್ ಡಿ ಕಡಿಮೆ ಇದ್ದವರಲ್ಲಿ ಶ್ವಾಸಕೋಶದ ಸಾಮರ್ಥ್ಯವೂ ಕಡಿಮೆ, ಸ್ಟೀರಾಯ್ಡಿಗೆ ಜೀವಕೋಶಗಳು ಸ್ಪಂದಿಸುವ ಪರಿಯೂ ಮಂದ. ಪ್ರಯೋಗಾಲಯದ ಕೆಲಸವೂ ಇದಕ್ಕೆ ಇಂಬು ಕೊಟ್ಟಿತು. ಶ್ವಾಸನಾಳದ ಒಳಪದರ, ಅದರ ಸುತ್ತಲಿನ ನಯವಾದ ಸ್ನಾಯು, ರೋಗನಿರೋಧಕ ಜೀವಕೋಶಗಳು, ಎಲ್ಲದರಲ್ಲೂ ವಿಟಮಿನ್ ಡಿಯ ಗ್ರಾಹಕಗಳಿವೆ. ಉರಿಯೂತವನ್ನು ಹತ್ತಿಕ್ಕುವ ಇಂಟರ್‌ಲ್ಯೂಕಿನ್-10ರ ಉತ್ಪಾದನೆಗೂ, ಸೋಂಕಿನ ವಿರುದ್ಧ ಹೋರಾಡುವ ಕ್ಯಾಥೆಲಿಸಿಡಿನ್ ಎಂಬ ಪೆಪ್ಟೈಡಿಗೂ ಅದು ಪ್ರಚೋದನೆ ನೀಡುತ್ತದೆ. ಇಷ್ಟೆಲ್ಲ ಸೇರಿದಾಗ ಮಾತ್ರೆ ಕೊಟ್ಟರೆ ಉಸಿರು ಸುಧಾರಿಸೀತು ಎಂಬ ನಿರೀಕ್ಷೆ ಹುಟ್ಟಿದ್ದು ಸಹಜವೇ. ನನ್ನ ವೃತ್ತಿಯ ಅನೇಕರು ಈ ಪ್ರಯೋಗಗಳ ಫಲಿತಾಂಶಕ್ಕಾಗಿ ನಿಜವಾಗಿಯೂ ಆಸೆಯಿಂದ ಕಾದಿದ್ದರು.

ವಯಸ್ಕರ ಮಟ್ಟಿಗೆ ಅತಿ ಮುಖ್ಯವಾದದ್ದು 2014ರಲ್ಲಿ ಪ್ರಕಟವಾದ ವೀಡಾ ಎಂಬ ಅಮೆರಿಕದ ಪ್ರಯೋಗ. ಇನ್‌ಹೇಲರ್ ಬಳಸಿಯೂ ಲಕ್ಷಣಗಳಿದ್ದ, ವಿಟಮಿನ್ ಡಿ 30 ನ್ಯಾನೋಗ್ರಾಮಿಗಿಂತ ಕಡಿಮೆ ಇದ್ದ 408 ವಯಸ್ಕರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಆರಂಭದಲ್ಲಿ 1,00,000 ಐಯು (ವಿಟಮಿನ್ ಅಳೆಯುವ ಅಂತರರಾಷ್ಟ್ರೀಯ ಮಾನ), ಆಮೇಲೆ ದಿನಕ್ಕೆ 4,000 ಐಯುನಂತೆ 28 ವಾರ ವಿಟಮಿನ್ ಡಿ3 ಕೊಟ್ಟರು. ಇನ್ನೊಂದಕ್ಕೆ ನೋಡಲು ಅದೇ ತೆರನಾದ, ಔಷಧವಿಲ್ಲದ ಹುಸಿಮಾತ್ರೆ. ಎರಡೂ ಗುಂಪಿಗೆ ಸಿಕ್ಲೆಸೊನೈಡ್ ಎಂಬ ಸ್ಟೀರಾಯ್ಡಿನ ಇನ್‌ಹೇಲರ್ ಇತ್ತು. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಮಾತ್ರೆಯ ಕೆಲಸ ರಕ್ತದಲ್ಲಿ ಚೆನ್ನಾಗಿಯೇ ಆಯಿತು. 12 ವಾರಗಳ ಹೊತ್ತಿಗೆ ಶೇಕಡಾ 82ರಷ್ಟು ಜನರಲ್ಲಿ ಮಟ್ಟ 30ನ್ನು ಮುಟ್ಟಿತ್ತು. ಆದರೂ ಚಿಕಿತ್ಸೆ ಸೋತವರ, ಅಂದರೆ ಉಸಿರಾಟದ ಅಳತೆ ಕುಸಿದವರ ಅಥವಾ ಹೆಚ್ಚಿನ ಔಷಧ ಬೇಕಾದವರ ಪ್ರಮಾಣ ವಿಟಮಿನ್ ಗುಂಪಿನಲ್ಲಿ ಶೇಕಡಾ 28, ಹುಸಿಮಾತ್ರೆಯ ಗುಂಪಿನಲ್ಲಿ ಶೇಕಡಾ 29. ವ್ಯತ್ಯಾಸವಿಲ್ಲ ಎಂದೇ ಅರ್ಥ.

ಇನ್‌ಹೇಲರ್ ತಗ್ಗಿಸಬಹುದೆಂಬ ಮಾತಿನ ಮೂಲವೂ ಬಹುಶಃ ಇದೇ ಪ್ರಯೋಗವಿರಬೇಕು. ಹತೋಟಿ ಉಳಿಸಿಕೊಳ್ಳಲು ವಿಟಮಿನ್ ಗುಂಪಿಗೆ ದಿನಕ್ಕೆ ಸರಾಸರಿ 111 ಮೈಕ್ರೋಗ್ರಾಂ ಸಿಕ್ಲೆಸೊನೈಡ್ ಬೇಕಾಯಿತು, ಇನ್ನೊಂದು ಗುಂಪಿಗೆ 126. ಸಂಖ್ಯಾಶಾಸ್ತ್ರದ ಲೆಕ್ಕದಲ್ಲಿ ಇದು ವ್ಯತ್ಯಾಸವೇ ಹೌದು. ಆದರೆ 15 ಮೈಕ್ರೋಗ್ರಾಂ ಎಂದರೆ ಯಾವ ಇನ್‌ಹೇಲರಿನ ಒಂದು ಒತ್ತಿಗೂ ಸಮನಾಗದ ಪ್ರಮಾಣ; ರೋಗಿಯ ದಿನಚರಿಯಲ್ಲಿ ಅದರಿಂದ ಏನೂ ಬದಲಾಗುವುದಿಲ್ಲ.

ಲಂಡನ್ನಿನಲ್ಲಿ 250 ವಯಸ್ಕರ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಎರಡು ತಿಂಗಳಿಗೊಮ್ಮೆ 1,20,000 ಐಯುನಂತೆ ಒಂದು ವರ್ಷ ಕೊಟ್ಟರು. ಅಸ್ತಮಾ ಒಮ್ಮೆಲೇ ಕೆರಳುವ ತೀವ್ರ ಉಲ್ಬಣವಾಗಲಿ, ಮೇಲಿನ ಶ್ವಾಸಮಾರ್ಗದ ಸೋಂಕಾಗಲಿ ಅದರಿಂದ ಮುಂದಕ್ಕೆ ಹೋಗಲಿಲ್ಲ. ಇಂಥ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿದ, ಕಾಕ್ರೇನ್ ಎಂಬ ಸಂಸ್ಥೆಯ 2016ರ ವಿಮರ್ಶೆಯಲ್ಲಿ, ನಿರೀಕ್ಷಿತ ಮಟ್ಟಕ್ಕೆ ಹೋಲಿಸಿದ ಎಫ್‌ಇವಿ1 ಏರಿದ್ದು ಶೇಕಡಾ ಒಂದಕ್ಕೂ ಕಡಿಮೆ, ಅದೂ ಆಕಸ್ಮಿಕವಲ್ಲವೆಂದು ಹೇಳಲಾಗದಷ್ಟು. ನಿಮ್ಮ ಪ್ರಶ್ನೆಗೆ ಸಂಬಂಧಿಸಿದಂತೆ ಈ ಒಂದು ಸಂಖ್ಯೆಗೆ ಉಳಿದೆಲ್ಲಕ್ಕಿಂತ ಹೆಚ್ಚು ತೂಕವಿದೆ ಎಂದು ನಾನು ಭಾವಿಸುತ್ತೇನೆ.

ಹಾಗಾದರೆ ಸಮೀಕ್ಷೆಗಳಲ್ಲಿ ಕಂಡ ಆ ನಂಟು ಎಲ್ಲಿಂದ ಬಂತು? ತೀವ್ರ ಅಸ್ತಮಾ ಇರುವವರು ಹೊರಗೆ ಓಡಾಡುವುದು ಕಡಿಮೆ, ಹಾಗಾಗಿ ಬಿಸಿಲು ಬೀಳುವುದೂ ಕಡಿಮೆ. ದೇಹದ ತೂಕ ಹೆಚ್ಚಿದ್ದರೆ ವಿಟಮಿನ್ ಡಿ ಮಟ್ಟ ಇಳಿಯುತ್ತದೆ, ಉಸಿರಾಟದ ಅಳತೆಯೂ ಇಳಿಯುತ್ತದೆ. ಬಾಯಿಯ ಮೂಲಕ ಪದೇ ಪದೇ ಸ್ಟೀರಾಯ್ಡ್ ತೆಗೆದುಕೊಂಡವರಲ್ಲಿ ಈ ವಿಟಮಿನ್ ಕಡಿಮೆ ಕಾಣುತ್ತದೆ. ದೇಹದಲ್ಲಿ ಉರಿಯೂತ ಇದ್ದರೇ ರಕ್ತದಲ್ಲಿನ ಮಟ್ಟ ತಗ್ಗಬಹುದು. ಹೀಗೆ ಕಾಯಿಲೆಯೇ ಕೊರತೆಗೆ ದಾರಿಮಾಡುವ ಸಾಧ್ಯತೆ ಬಲವಾಗಿದೆ. ವಿಟಮಿನ್ ಡಿ ಮಟ್ಟವನ್ನು ಹುಟ್ಟಿನಿಂದಲೇ ತಗ್ಗಿಸುವ ಜೀನ್ ವ್ಯತ್ಯಾಸಗಳಿರುವವರಲ್ಲಿ ಅಸ್ತಮಾ ಹೆಚ್ಚೇನೂ ಇಲ್ಲ ಎಂದು 2017ರ ಆನುವಂಶಿಕ ಅಧ್ಯಯನವೊಂದು ತೋರಿಸಿರುವುದು ಈ ಅನಿಸಿಕೆಗೆ ಪುಷ್ಟಿ ಕೊಡುತ್ತದೆ.

ಉತ್ತರ: ಊದುನಳಿಗೆ

ನಾನು ಸ್ಪೈರೋಮೆಟ್ರಿ ಮಾಡಿಸುವ ತಂತ್ರಜ್ಞೆ. ವೈದ್ಯರು ವಿಟಮಿನ್ ಬಗ್ಗೆ ಹೇಳಬೇಕಾದುದನ್ನು ಹೇಳಿದ್ದಾರೆ. ನಾನು ಆ 71ರ ಬಗ್ಗೆ ಮಾತನಾಡುತ್ತೇನೆ, ಏಕೆಂದರೆ ಅನೇಕರು ಆ ಸಂಖ್ಯೆಯನ್ನು ರಕ್ತದ ಅಳತೆಯಷ್ಟೇ ಸ್ಥಿರವಾದದ್ದೆಂದು ತಿಳಿಯುತ್ತಾರೆ.

ಎಫ್‌ಇವಿ1 ನೀವು ಊದಿದ ರೀತಿಯನ್ನು ಅವಲಂಬಿಸಿದೆ. ಮೂಗಿಗೆ ಕ್ಲಿಪ್ ಹಾಕಿ, ತುಟಿಗಳನ್ನು ನಳಿಗೆಯ ಸುತ್ತ ಬಿಗಿಯಾಗಿ ಮುಚ್ಚಿ, ಎದೆ ಪೂರ್ತಿ ತುಂಬುವವರೆಗೆ ಉಸಿರೆಳೆದು, ಕ್ಷಣವೂ ತಡೆಯದೆ ಸ್ಫೋಟಿಸಿದಂತೆ ಊದಬೇಕು, ಆಮೇಲೆ ಇನ್ನೇನೂ ಬರದು ಎನ್ನುವವರೆಗೂ ಊದುತ್ತಲೇ ಇರಬೇಕು. ಉಸಿರೆಳೆದ ಮೇಲೆ ಒಂದೆರಡು ಸೆಕೆಂಡ್ ತಡೆದು ಊದುವವರು ಬಹಳ. ಅರ್ಧ ಎದೆ ತುಂಬಿದಾಗಲೇ ಊದಲು ತೊಡಗುವವರು ಇನ್ನೂ ಹೆಚ್ಚು. ಅವರ ರೇಖೆಯ ತುದಿ ನೋಡಿದರೆ ಗೊತ್ತಾಗುತ್ತದೆ. ಅದಕ್ಕೇ ನಾವು ಕನಿಷ್ಠ ಮೂರು ಒಪ್ಪತಕ್ಕ ಊದುಗಳನ್ನು ಪಡೆಯುತ್ತೇವೆ, ಅವುಗಳಲ್ಲಿ ಅತ್ಯುತ್ತಮವಾದ ಎರಡರ ನಡುವೆ 150 ಮಿಲಿಲೀಟರಿಗಿಂತ ಹೆಚ್ಚು ಅಂತರ ಇರಬಾರದು. ಒಂದೇ ಕುರ್ಚಿಯಲ್ಲಿ, ಕೆಲವೇ ನಿಮಿಷಗಳ ಅಂತರದಲ್ಲಿ ಊದಿದಾಗಲೇ ಇಷ್ಟು ವ್ಯತ್ಯಾಸವನ್ನು ಒಪ್ಪಿಕೊಳ್ಳಬೇಕಾಗಿದೆ ಎಂಬುದನ್ನು ಗಮನಿಸಿ. ಅಸ್ತಮಾದಲ್ಲಂತೂ ಬೆಳಗಿನ ಅಳತೆಗೂ ಮಧ್ಯಾಹ್ನದ ಅಳತೆಗೂ ಹೊಂದುವುದಿಲ್ಲ.

ರೋಗಿಗೆ ತಾನು ಸುಧಾರಿಸಿದ್ದೇನೆ ಎಂಬ ಅರಿವು ಬರಬೇಕಾದರೆ ಎಫ್‌ಇವಿ1 ಸರಾಸರಿ 230 ಮಿಲಿಲೀಟರಿನಷ್ಟು ಏರಬೇಕೆಂದು 1999ರ ಅಧ್ಯಯನವೊಂದು ಅಂದಾಜು ಮಾಡಿದೆ. ಮಾತ್ರೆ ಮುಗಿಸಿ ಬಂದು ಊದಿದಾಗ 71 ಇದ್ದದ್ದು 74 ಆದರೆ ಅದನ್ನು ವಿಟಮಿನ್ನಿನ ಲೆಕ್ಕಕ್ಕೆ ಬರೆಯಲಾಗದು. 68 ಆದರೂ ಎದೆಗುಂದಬೇಕಾಗಿಲ್ಲ.

ನಿಮ್ಮ ವರದಿಯಲ್ಲಿ ಇನ್ನೊಂದು ಸಾಲನ್ನು ಹುಡುಕಿ. ಶ್ವಾಸನಾಳವನ್ನು ಬೇಗ ಹಿಗ್ಗಿಸುವ ಸಾಲ್ಬುಟಮಾಲ್ ಕೊಟ್ಟು ಸುಮಾರು ಹದಿನೈದು ನಿಮಿಷದ ನಂತರ ಮತ್ತೊಮ್ಮೆ ಊದಿಸಿದ್ದರೆ ಆ ಅಳತೆ ಪಕ್ಕದಲ್ಲೇ ಇರುತ್ತದೆ. ಅದು ಮೊದಲಿಗಿಂತ ಶೇಕಡಾ 12 ಮತ್ತು 200 ಮಿಲಿಲೀಟರ್ ಎರಡನ್ನೂ ದಾಟಿ ಏರಿದ್ದರೆ, ನಿಮ್ಮ ಶ್ವಾಸನಾಳಗಳಲ್ಲಿ ಬಿಡಿಸಬಹುದಾದ ಬಿಗಿತ ಇನ್ನೂ ಇದೆ ಎಂದರ್ಥ. ಈಗ ಬರುತ್ತಿರುವ ಮಾರ್ಗಸೂಚಿಯಲ್ಲಿ ನಿರೀಕ್ಷಿತ ಮಟ್ಟದ ಶೇಕಡಾ 10ಕ್ಕಿಂತ ಹೆಚ್ಚು ಏರಿಕೆ ಎಂಬ ಅಳತೆಗೋಲೂ ಇದೆ. ಬಿಗಿತ ಉಳಿದಿದ್ದರೆ ಅದನ್ನು ಬಿಡಿಸುವ ಉಪಾಯ ನಿಮ್ಮ ಇನ್‌ಹೇಲರಿನಲ್ಲಿಯೇ ಇದೆ, ಅದು ಎದೆಯೊಳಗೆ ಸರಿಯಾಗಿ ಇಳಿದರೆ.

ಹಾಗಾಗಿ ದಯವಿಟ್ಟು ಒಮ್ಮೆ ನೀವು ಇನ್‌ಹೇಲರ್ ತೆಗೆದುಕೊಳ್ಳುವುದನ್ನು ಯಾರಾದರೂ ತಿಳಿದವರು ಎದುರಿಗೆ ಕುಳಿತು ನೋಡಲಿ. ಒತ್ತಿದಾಗ ತುಂತುರು ಬರುವ ಬಗೆಯದ್ದಾದರೆ ಚೆನ್ನಾಗಿ ಅಲ್ಲಾಡಿಸಿ, ಉಸಿರು ಹೊರಬಿಟ್ಟು, ಒತ್ತುತ್ತಲೇ ನಿಧಾನವಾಗಿ ಮೂರರಿಂದ ಐದು ಸೆಕೆಂಡ್ ಎಳೆದು, ಹತ್ತು ಸೆಕೆಂಡ್ ಹಿಡಿದಿಡಬೇಕು. ಪುಡಿಯ ಬಗೆಯದ್ದಾದರೆ ಇದಕ್ಕೆ ವಿರುದ್ಧ: ಮೊದಲ ಕ್ಷಣದಿಂದಲೇ ಜೋರಾಗಿ, ಆಳವಾಗಿ ಎಳೆಯಬೇಕು. ಒಂದು ಬಗೆಯಿಂದ ಇನ್ನೊಂದಕ್ಕೆ ಬದಲಾದವರು ಹಳೆಯ ರೀತಿಯಲ್ಲೇ ಎಳೆಯುವುದನ್ನು ನಾನು ಆಗಾಗ ನೋಡುತ್ತೇನೆ. ತುಂತುರು ಬಾಯಿಯ ಹಿಂಭಾಗಕ್ಕೆ ಬಡಿದು ಅಲ್ಲೇ ಉಳಿಯುತ್ತದೆ, ಪುಡಿ ಸಾಧನದಲ್ಲೇ ಉಳಿಯುತ್ತದೆ, ರೋಗಿ ಮಾತ್ರ ಔಷಧ ತೆಗೆದುಕೊಂಡೆನೆಂದೇ ತಿಳಿದಿರುತ್ತಾರೆ.

ಉತ್ತರ: ಮರುಚಿಂತನೆ

ಶ್ವಾಸವೈದ್ಯ ಅವರ ವಿವರಣೆಯನ್ನು ಗೌರವಿಸುತ್ತಲೇ ಒಂದು ಆಕ್ಷೇಪ ಎತ್ತಬೇಕಾಗಿದೆ. ಎಫ್‌ಇವಿ1 ಏರಲಿಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೆ ಅಸ್ತಮಾ ಇರುವವರಿಗೆ ಅದಕ್ಕಿಂತ ಭಯ ಹುಟ್ಟಿಸುವುದು ತೀವ್ರ ಉಲ್ಬಣ. ಅವರೇ ಉಲ್ಲೇಖಿಸಿದ 2016ರ ಕಾಕ್ರೇನ್ ವಿಮರ್ಶೆಯಲ್ಲಿಯೇ ಬಾಯಿಯ ಮೂಲಕ ಸ್ಟೀರಾಯ್ಡ್ ಕೊಡಬೇಕಾಗುವಂಥ ಉಲ್ಬಣಗಳು ವಿಟಮಿನ್ ಡಿ ಪಡೆದವರಲ್ಲಿ ಮೂರನೇ ಒಂದರಷ್ಟಕ್ಕಿಂತ ಹೆಚ್ಚು ಕಡಿಮೆಯಾಗಿದ್ದವು. 2017ರಲ್ಲಿ ಏಳು ಪ್ರಯೋಗಗಳ 955 ಜನರ ವೈಯಕ್ತಿಕ ಮಾಹಿತಿಯನ್ನೇ ತೆಗೆದು ಮತ್ತೆ ಲೆಕ್ಕ ಹಾಕಿದಾಗಲೂ ಇಂಥ ಉಲ್ಬಣಗಳ ದರ ಶೇಕಡಾ 26ರಷ್ಟು ಇಳಿದಿತ್ತು. ಕೊರತೆ ತೀರಾ ಹೆಚ್ಚಿದ್ದವರಲ್ಲಿ, ಅಂದರೆ 10 ನ್ಯಾನೋಗ್ರಾಮಿಗಿಂತ ಕೆಳಗಿದ್ದವರಲ್ಲಿ, ಇಳಿಕೆ ಇನ್ನೂ ದೊಡ್ಡದು. ಮುಂಜಾವು ಅವರ 13 ಆ ಗಡಿಗೆ ಸಮೀಪದಲ್ಲೇ ಇದೆ. ಶ್ವಾಸಕೋಶದ ಅಳತೆ ಏರದಿದ್ದ ಮಾತ್ರಕ್ಕೆ ಪ್ರಯೋಜನವೇ ಇಲ್ಲವೆಂಬ ಭಾವನೆ ಓದುಗರಿಗೆ ಬರಬಾರದು.

ಉತ್ತರ: ಅಂಕಿನೋಟ

ಮರುಚಿಂತನೆ ಅವರ ಆಕ್ಷೇಪ ನ್ಯಾಯವಾದದ್ದು, ಅದಕ್ಕೆ ಉತ್ತರ ಕೊಡಲೇಬೇಕು. ನಾನು ವೈದ್ಯಕೀಯ ಸಂಖ್ಯಾಶಾಸ್ತ್ರದಲ್ಲಿ ಕೆಲಸ ಮಾಡುವವನು.

2017ರ ವಿಶ್ಲೇಷಣೆಯಲ್ಲಿ ತೀವ್ರ ಕೊರತೆಯಿದ್ದವರ ಉಪಗುಂಪಿನಲ್ಲಿ ಇದ್ದದ್ದು 92 ಜನ ಮಾತ್ರ. ಆ ಗುಂಪಿನಲ್ಲಿ ಉಲ್ಬಣಗಳ ದರ ಸುಮಾರು ಮೂರನೇ ಒಂದಕ್ಕೆ ಇಳಿದಂತೆ ಕಂಡಿತು, ಆದರೆ ಆ ಅಂದಾಜಿನ ವಿಶ್ವಾಸಾರ್ಹ ವ್ಯಾಪ್ತಿ 0.11ರಿಂದ 0.98ರವರೆಗೆ (1 ಎಂದರೆ ಪರಿಣಾಮವೇ ಇಲ್ಲ) ಹರಡಿಕೊಂಡಿತ್ತು. ಅಂದರೆ ಬಹುದೊಡ್ಡ ಪ್ರಯೋಜನವೂ ಇರಬಹುದು, ಹೆಚ್ಚುಕಡಿಮೆ ಏನೂ ಇಲ್ಲದೆಯೂ ಇರಬಹುದು. ಇನ್ನೂ ಮುಖ್ಯವಾದ ವಿಷಯವೆಂದರೆ, ಕೊರತೆ ಹೆಚ್ಚಿದ್ದವರಲ್ಲಿ ಪರಿಣಾಮ ಬೇರೆ, ಉಳಿದವರಲ್ಲಿ ಬೇರೆ ಎಂದು ಹೇಳಬೇಕಾದರೆ ಎರಡೂ ಗುಂಪುಗಳನ್ನು ಪರಸ್ಪರ ಹೋಲಿಸಿ ಪರೀಕ್ಷಿಸಬೇಕು. ಆ ಪರೀಕ್ಷೆಯ ಪಿ ಮೌಲ್ಯ, ಅಂದರೆ ನಿಜವಾದ ವ್ಯತ್ಯಾಸವಿಲ್ಲದಿದ್ದರೂ ಆಕಸ್ಮಿಕವಾಗಿಯೇ ಇಷ್ಟು ಅಂತರ ಕಾಣುವ ಸಾಧ್ಯತೆ, 0.25 ಬಂದಿತ್ತು. ಉಪಗುಂಪುಗಳ ನಡುವೆ ನಿಜವಾದ ವ್ಯತ್ಯಾಸ ಇದೆಯೆನ್ನಲು ಇದು ಸಾಲುವುದಿಲ್ಲ. ಒಂದು ಗುಂಪಿನಲ್ಲಿ ಫಲಿತಾಂಶ ಗೆರೆ ದಾಟಿತು, ಇನ್ನೊಂದರಲ್ಲಿ ದಾಟಲಿಲ್ಲ ಎಂಬುದನ್ನೇ ವ್ಯತ್ಯಾಸವೆಂದು ಓದುವುದು ಈ ಕ್ಷೇತ್ರದಲ್ಲಿ ಮತ್ತೆ ಮತ್ತೆ ಆಗುವ ಅವಸರ, ಮತ್ತು ಅದರಿಂದ ರೋಗಿಗಳಲ್ಲಿ ಹುಟ್ಟುವ ಆಸೆಗೆ ಯಾರೂ ಹೊಣೆ ಹೊರುವುದಿಲ್ಲ ಎಂಬುದೇ ನನಗೆ ನೋವಿನ ಸಂಗತಿ.

ಆ ಬಳಿಕ ಹೊಸ ಪ್ರಯೋಗಗಳು ಬಂದವು. 2023ರಲ್ಲಿ ಅದೇ ಕಾಕ್ರೇನ್ ವಿಮರ್ಶೆಯನ್ನು ನವೀಕರಿಸಿದಾಗ 20 ಪ್ರಯೋಗಗಳು ಸೇರಿದವು. ಅವುಗಳಲ್ಲಿ 1,155 ಮಕ್ಕಳು, 1,070 ವಯಸ್ಕರು. ಸ್ಟೀರಾಯ್ಡ್ ಬೇಕಾದ ಉಲ್ಬಣ ಒಂದಾದರೂ ಆದವರನ್ನು ಹೋಲಿಸಿದಾಗ ಎರಡು ಗುಂಪುಗಳ ನಡುವಿನ ಸಂಭವಾನುಪಾತ 1.04. ಅಂದರೆ ಮೊದಲಿನ ವಿಮರ್ಶೆಯಲ್ಲಿ ಕಂಡಿದ್ದ ರಕ್ಷಣೆ ಉಳಿಯಲಿಲ್ಲ. ಚಿಕ್ಕ ಪ್ರಯೋಗಗಳಲ್ಲಿ ಕಂಡ ಪರಿಣಾಮ ದೊಡ್ಡವು ಸೇರಿಕೊಂಡಂತೆ ಕರಗುವುದು ಹೊಸತೇನಲ್ಲ. 2016ರಲ್ಲಿ ವಯಸ್ಕರ ಪ್ರಯೋಗಗಳೆಂದು ಸಿಕ್ಕಿದ್ದು ಎರಡೇ.

ಆದರೂ ಮರುಚಿಂತನೆ ಅವರ ಮಾತಿನಲ್ಲಿ ಒಂದಂಶ ಇಂದಿಗೂ ನಿಲ್ಲುತ್ತದೆ. 10 ನ್ಯಾನೋಗ್ರಾಮಿಗಿಂತ ಕೆಳಗಿರುವವರೂ, ಪದೇ ಪದೇ ತೀವ್ರವಾಗಿ ಉಲ್ಬಣಿಸುವ ಅಸ್ತಮಾ ಇರುವವರೂ ಈ ಪ್ರಯೋಗಗಳಲ್ಲಿ ಬಹಳ ಕಡಿಮೆ. ಅವರ ಮಟ್ಟಿಗೆ ಬಾಗಿಲು ಮುಚ್ಚಿದೆ ಎನ್ನಲು ಸಾಧ್ಯವಿಲ್ಲ. ಆದರೆ ಅಂಥವರಿಗೆ ಕೊರತೆಯ ಕಾರಣಕ್ಕಾಗಿಯೇ ಹೇಗೂ ಮಾತ್ರೆ ಕೊಡಬೇಕಾಗುತ್ತದೆ. ಅಸ್ತಮಾದ ಹೆಸರು ಹೇಳಿ ಕೊಡಬೇಕಾದ ಅಗತ್ಯ ಬೀಳುವುದಿಲ್ಲ. ಅಸ್ತಮಾ ಕುರಿತ ಜಾಗತಿಕ ಮಾರ್ಗಸೂಚಿಯಾದ ಜೀನಾ ಕೂಡ ವಿಟಮಿನ್ ಡಿಯನ್ನು ಅಸ್ತಮಾದ ಹತೋಟಿಗಾಗಿ ಶಿಫಾರಸು ಮಾಡಿಲ್ಲ.

ಮುಂಜಾವು

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ವರದಿ ತೆಗೆದು ನೋಡಿದೆ. ಸಾಲ್ಬುಟಮಾಲ್ ಕೊಟ್ಟ ನಂತರದ ಅಳತೆ ಶೇಕಡಾ 71ರಿಂದ 83ಕ್ಕೆ ಏರಿದೆ, ಮಿಲಿಲೀಟರಿನಲ್ಲಿ 390. ಅಂದರೆ ಬಿಗಿತ ಇನ್ನೂ ಇದೆ ಎಂದಾಯಿತು. ನನ್ನದು ಪುಡಿಯ ಇನ್‌ಹೇಲರ್. ಮುಂಚೆ ತುಂತುರಿನದ್ದು ಇತ್ತು. ಮುಂದಿನ ಭೇಟಿಯಲ್ಲಿ ವೈದ್ಯರ ಎದುರಿಗೇ ತೆಗೆದುಕೊಂಡು ತೋರಿಸುತ್ತೇನೆ.

ಇನ್ನೊಂದು ಸಂದೇಹ ಉಳಿದಿದೆ. ಉಲ್ಬಣವಾದಾಗ ಕಳೆದ ಕೆಲವು ವರ್ಷಗಳಲ್ಲಿ ಹಲವು ಬಾರಿ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆಗಳನ್ನು ತೆಗೆದುಕೊಂಡಿದ್ದೇನೆ. ಶ್ವಾಸಕೋಶಕ್ಕೆ ವಿಟಮಿನ್ ಡಿ ಸಹಾಯ ಮಾಡದಿದ್ದರೂ ಬೇರೆ ಯಾವುದಕ್ಕಾದರೂ ನನ್ನಂಥವರಿಗೆ ಅದು ವಿಶೇಷವಾಗಿ ಬೇಕೇ? ಹಾಗೆಯೇ, ಹೆಚ್ಚು ತೆಗೆದುಕೊಂಡರೆ ಹಾನಿಯಿಲ್ಲ ಎಂದು ಕೆಲವರು ಹೇಳುವುದು ನಿಜವೇ?

ಉತ್ತರ: ಔಷಧಸಲಹೆ

ನಾನು ಔಷಧ ವಿಜ್ಞಾನದವಳು. ನೀವು ಕೇಳಿದ ಎರಡನೇ ಪ್ರಶ್ನೆಯೇ ನನ್ನ ದೃಷ್ಟಿಯಲ್ಲಿ ಹೆಚ್ಚು ಮಹತ್ವದ್ದು, ಆದರೂ ಮೊದಲನೆಯದರಿಂದ ಆರಂಭಿಸುತ್ತೇನೆ.

ಬಾಯಿಯ ಮೂಲಕ ತೆಗೆದುಕೊಳ್ಳುವ ಸ್ಟೀರಾಯ್ಡ್ ಮೂಳೆಯನ್ನು ಕಟ್ಟುವ ಜೀವಕೋಶಗಳನ್ನು ಕುಂದಿಸುತ್ತದೆ, ಕರುಳಿನಲ್ಲಿ ಕ್ಯಾಲ್ಸಿಯಂ ಹೀರಿಕೆಯನ್ನು ತಗ್ಗಿಸುತ್ತದೆ, ಮೂತ್ರದಲ್ಲಿ ಕ್ಯಾಲ್ಸಿಯಂ ಹೆಚ್ಚು ಹೋಗುವಂತೆ ಮಾಡುತ್ತದೆ. ಮೂಳೆ ಸವೆತ ಮೊದಲ ಕೆಲವು ತಿಂಗಳುಗಳಲ್ಲೇ ವೇಗವಾಗಿ ಆಗುತ್ತದೆ. ದಿನಕ್ಕೆ 2.5 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಪ್ರೆಡ್ನಿಸೊಲೋನನ್ನು ಮೂರು ತಿಂಗಳು ಮೀರಿ ತೆಗೆದುಕೊಳ್ಳುವ ವಯಸ್ಕರಿಗೆ ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಸಾಕಷ್ಟು ಸಿಗುವಂತೆ ನೋಡಿಕೊಂಡು, ಮೂಳೆ ಮುರಿಯುವ ಅಪಾಯವನ್ನು ಅಂದಾಜು ಮಾಡಬೇಕೆಂಬುದು ಒಪ್ಪಿತವಾದ ಕ್ರಮ. ನೀವು ಸತತವಾಗಿ ತೆಗೆದುಕೊಂಡಿಲ್ಲ. ಆದರೆ ಚಿಕ್ಕ ಚಿಕ್ಕ ಅವಧಿಯ ಕೋರ್ಸುಗಳೂ ಜೀವಮಾನದ ಲೆಕ್ಕದಲ್ಲಿ ಕೂಡುತ್ತ ಹೋಗುತ್ತವೆ. ಹಾಗಾಗಿ ಎಷ್ಟು ಬಾರಿ, ಎಷ್ಟು ದಿನ ತೆಗೆದುಕೊಂಡಿದ್ದೀರಿ ಎಂಬುದನ್ನು ಹಳೆಯ ಚೀಟಿಗಳಿಂದ ಬರೆದುಕೊಂಡು ವೈದ್ಯರಿಗೆ ತೋರಿಸಿ. ಮೂಳೆಯ ಸಾಂದ್ರತೆಯ ಪರೀಕ್ಷೆ ಬೇಕೇ ಎಂದು ಕೇಳಿ. ನಿಮ್ಮ 13 ನ್ಯಾನೋಗ್ರಾಂ ಕೊರತೆಯನ್ನು ನೀಗಿಸುವುದಕ್ಕೆ ನನ್ನ ಪಾಲಿಗೆ ಅತಿ ಗಟ್ಟಿಯಾದ ಕಾರಣ ಇದೇ.

ಇನ್ನು ಹೆಚ್ಚಾದರೆ ಹಾನಿಯಿಲ್ಲ ಎಂಬ ಮಾತು. ಇದು ನಿಜವಲ್ಲ. ವಿಟಮಿನ್ ಡಿ ಕೊಬ್ಬಿನಲ್ಲಿ ಕರಗಿ ದೇಹದಲ್ಲಿ ಉಳಿಯುತ್ತದೆ. ರಕ್ತದಲ್ಲಿ ಅಳೆಯುವ ಅದರ ರೂಪದ ಪ್ರಮಾಣ ಅರ್ಧಕ್ಕಿಳಿಯಲೇ ಎರಡು ಮೂರು ವಾರ ಬೇಕು. ಬಹುತೇಕ ವಯಸ್ಕರಿಗೆ ದಿನದ ಅಗತ್ಯ 600 ಐಯು, ಎಪ್ಪತ್ತು ದಾಟಿದವರಿಗೆ 800 ಐಯು ಎಂದೂ, ವೈದ್ಯರ ನಿಗಾ ಇಲ್ಲದೆ ದಿನವೂ ತೆಗೆದುಕೊಳ್ಳಬಹುದಾದ ಗರಿಷ್ಠ ಮಿತಿ 4,000 ಐಯು ಎಂದೂ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ನಿಗದಿಪಡಿಸಿತ್ತು. ಕೊರತೆಯ ಚಿಕಿತ್ಸೆಗೆ ವೈದ್ಯರು ನಿಗದಿತ ಅವಧಿಗೆ ಇದಕ್ಕಿಂತ ಹೆಚ್ಚು ಕೊಡುವುದುಂಟು, ಅದು ಬೇರೆ. ತೊಂದರೆಯಾಗುವುದು, ಆ ಅವಧಿ ಮುಗಿದ ಮೇಲೂ ಮಾತ್ರೆಯನ್ನು ಮುಂದುವರಿಸಿದಾಗ, ಅಥವಾ ವಾರಕ್ಕೊಮ್ಮೆ ನುಂಗಬೇಕಾದುದನ್ನು ದಿನವೂ ನುಂಗಿದಾಗ. ಈ ಎರಡನೆಯ ತಪ್ಪು ನಡೆದೇ ನಡೆಯುತ್ತದೆ, ಆದ್ದರಿಂದ ಪೊಟ್ಟಣದ ಮೇಲೆ ವಾರದ ಹೆಸರನ್ನು ಬರೆದಿಟ್ಟುಕೊಳ್ಳಿ ಎಂದು ಒತ್ತಿ ಹೇಳುತ್ತೇನೆ. ರಕ್ತದ ಮಟ್ಟ 150 ನ್ಯಾನೋಗ್ರಾಂ ದಾಟಿದರೆ ವಿಷಪರಿಣಾಮದ ಭಯವಿದೆ. ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಿಪರೀತ ಬಾಯಾರಿಕೆ, ಮತ್ತೆ ಮತ್ತೆ ಮೂತ್ರ, ಮಲಬದ್ಧತೆ, ವಾಂತಿ, ಮಂಕುತನ ಕಾಣಿಸಿಕೊಳ್ಳುತ್ತವೆ, ಮೂತ್ರಪಿಂಡಕ್ಕೂ ಪೆಟ್ಟು ಬೀಳಬಹುದು.

ಒಮ್ಮೆಲೇ ಭಾರಿ ಪ್ರಮಾಣ ಕೊಡುವುದರ ಬಗ್ಗೆಯೂ ಎಚ್ಚರ ಬೇಕು. 2010ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಎಪ್ಪತ್ತು ದಾಟಿದ 2,256 ಮಹಿಳೆಯರ ಪೈಕಿ ಅರ್ಧದಷ್ಟು ಮಂದಿಗೆ ವರ್ಷಕ್ಕೊಮ್ಮೆ 5,00,000 ಐಯು ಕೊಟ್ಟಾಗ, ಅವರಲ್ಲಿ ಬೀಳುವುದೂ ಮೂಳೆ ಮುರಿಯುವುದೂ ಹುಸಿಮಾತ್ರೆ ಪಡೆದವರಿಗಿಂತ ಹೆಚ್ಚಾಯಿತು. ಮೂಳೆಗೆಂದು ಕೊಟ್ಟದ್ದೇ ಮೂಳೆಗೆ ಮುಳುವಾಯಿತು.

ಮೂತ್ರಪಿಂಡದಲ್ಲಿ ಕಲ್ಲು ಆಗಿದ್ದವರು, ಸಾರ್ಕಾಯ್ಡೋಸಿಸ್ ಇರುವವರು, ಪ್ಯಾರಾಥೈರಾಯ್ಡ್ ಗ್ರಂಥಿಯ ತೊಂದರೆಯಿರುವವರು, ಥಯಾಜೈಡ್ ಬಗೆಯ ಮೂತ್ರವರ್ಧಕ ಅಥವಾ ಡಿಜಾಕ್ಸಿನ್ ತೆಗೆದುಕೊಳ್ಳುವವರು ವೈದ್ಯರಿಗೆ ಮೊದಲೇ ತಿಳಿಸಬೇಕು. ಫೆನಿಟಾಯ್ನ್‌ನಂಥ ಅಪಸ್ಮಾರದ ಔಷಧಗಳು ಈ ವಿಟಮಿನ್ನನ್ನು ಬೇಗ ಒಡೆದುಹಾಕುವುದರಿಂದ ಅಂಥವರಿಗೆ ಪ್ರಮಾಣ ಬೇರೆಯಾಗಬಹುದು.

ಉತ್ತರ: ಶ್ವಾಸವೈದ್ಯ

ಮುಂಜಾವು ಅವರೇ, 390 ಮಿಲಿಲೀಟರಿನ ಏರಿಕೆ ನನಗೆ ಸಮಾಧಾನ ತಂದಿದೆ, ಏಕೆಂದರೆ ನಿಮ್ಮಲ್ಲಿ ಮರಳಿ ಪಡೆಯಬಹುದಾದ ಉಸಿರು ಇದೆ. ಯಾವ ಪ್ರಯೋಗದಲ್ಲೂ ವಿಟಮಿನ್ ಡಿ ಇಷ್ಟನ್ನು ಕೊಟ್ಟಿಲ್ಲ. ಇನ್‌ಹೇಲರ್ ಎಳೆಯುವ ರೀತಿ ಸರಿಹೋದ ಮೇಲೂ ನಸುಕಿನ ಕೆಮ್ಮು ಉಳಿದರೆ, ಪ್ರಮಾಣವನ್ನು ಹೆಚ್ಚಿಸಬೇಕೇ, ಮೂಗಿನ ಅಲರ್ಜಿ ಅಥವಾ ಹುಳಿತೇಗು ಸೇರಿಕೊಂಡಿದೆಯೇ, ರಕ್ತದಲ್ಲಿ ಇಯೋಸಿನೋಫಿಲ್ ಎಂಬ ಬಿಳಿ ರಕ್ತಕಣ ಎಷ್ಟಿದೆ ಎಂದು ನಿಮ್ಮ ವೈದ್ಯರು ನೋಡುತ್ತಾರೆ. ಪದೇ ಪದೇ ಪ್ರೆಡ್ನಿಸೊಲೋನ್ ಬೇಕಾಗುತ್ತಿದೆ ಎಂಬುದೇ ಚಿಕಿತ್ಸೆಯನ್ನು ಮರುಪರಿಶೀಲಿಸಬೇಕಾದ ಸೂಚನೆ; ಅದನ್ನು ಅವರ ಬಳಿ ಮೊದಲು ಹೇಳಿ, ವಿಟಮಿನ್ ವಿಷಯ ಆಮೇಲೆ ಬರಲಿ.

ರಕ್ತದ ಮಟ್ಟವನ್ನು ಮತ್ತೆ ನೋಡುವುದಾದರೆ ಮಾತ್ರೆ ಶುರುವಾಗಿ ಸುಮಾರು ಮೂರು ತಿಂಗಳಾದ ಮೇಲೆ ನೋಡಿಸಿ, ಅದಕ್ಕೂ ಮೊದಲಿನ ಸಂಖ್ಯೆ ಇನ್ನೂ ಏರುತ್ತಲೇ ಇರುತ್ತದೆ. 20 ನ್ಯಾನೋಗ್ರಾಂ ಮೂಳೆಯ ದೃಷ್ಟಿಯಿಂದ ಬಹುತೇಕರಿಗೆ ಸಾಕು. 30 ಮುಟ್ಟಲೇಬೇಕೆಂದು ಹಿಂದೆ ಹೇಳುತ್ತಿದ್ದ, ಹಾರ್ಮೋನು ತಜ್ಞರ ಸಂಘವಾದ ಎಂಡೋಕ್ರೈನ್ ಸೊಸೈಟಿಯೇ 2024ರ ಮಾರ್ಗಸೂಚಿಯಲ್ಲಿ ಆ ಗೆರೆಯನ್ನು ಕೈಬಿಟ್ಟಿದೆ. ಸ್ಪೈರೋಮೆಟ್ರಿಯನ್ನು ಮಾತ್ರ ಇನ್‌ಹೇಲರ್ ಸರಿಯಾಗಿ ಎಳೆಯಲು ಕಲಿತ ದಿನದಿಂದ ಲೆಕ್ಕ ಹಾಕಿ ಎರಡು ಮೂರು ತಿಂಗಳ ನಂತರ, ಸಾಧ್ಯವಾದರೆ ಹಿಂದಿನ ಪರೀಕ್ಷೆ ನಡೆದ ಹೊತ್ತಿನಲ್ಲಿಯೇ, ಮತ್ತೆ ಮಾಡಿಸಿಕೊಳ್ಳಿ. ಆ ಬೆಳಿಗ್ಗೆ ಇನ್‌ಹೇಲರ್ ತೆಗೆದುಕೊಳ್ಳಬೇಕೇ ಬಿಡಬೇಕೇ ಎಂಬುದನ್ನು ಪರೀಕ್ಷೆ ಮಾಡುವವರಿಂದ ಮುಂಚಿತವಾಗಿ ಕೇಳಿ ತಿಳಿದುಕೊಂಡರೆ ಎರಡು ವರದಿಗಳನ್ನು ಒಂದರ ಪಕ್ಕ ಒಂದಿಟ್ಟು ಓದಲು ಬರುತ್ತದೆ.